ಎತ್ತಿಕೊಟ್ಟ ಮಾತು

ಮಾರ್ಚ್ 3, ಸೋಮವಾರ

ಹೊಸ ನಾಟಕದ ಪ್ರತಿ ಇವತ್ತು ಕೈಗೆ ಬಂತು. ಎಪ್ಪತ್ತೆರಡು ಪುಟ. ತೂಕ ನೋಡಿ ಪರವಾಗಿಲ್ಲ ಅಂದುಕೊಂಡೆ, ಬಿಡಿಸಿ ನೋಡಿದರೆ ಅರ್ಧಕ್ಕರ್ಧ ಖಾಲಿ. ಎರಡು ಸಾಲು ಮಾತು, ಆಮೇಲೆ ಕಂಸದೊಳಗೆ ‘ಮೌನ’. ಇನ್ನೊಂದು ಸಾಲು ಮಾತು, ಆಮೇಲೆ ‘ದೀರ್ಘ ಮೌನ’. ಪೆನ್ಸಿಲ್ ಹಿಡಿದು ಎಣಿಸಿದೆ, ಒಟ್ಟು ಅರವತ್ತನಾಲ್ಕು. ಇಪ್ಪತ್ತಾರು ವರ್ಷದಿಂದ ಈ ರಂಗಮಂದಿರದಲ್ಲಿ ಪ್ರಾಂಪ್ಟರ್ ಆಗಿದ್ದೇನೆ. ಪರದೆಯ ಪಕ್ಕ ಸ್ಟೂಲಿನ ಮೇಲೆ ಕೂತು, ನಟರು ಮಾತು ಮರೆತಾಗ ಪ್ರತಿ ನೋಡಿ ಮೆಲ್ಲಗೆ ಎತ್ತಿಕೊಡುವುದು ನನ್ನ ಕೆಲಸ. ಮಾತೇ ಇಲ್ಲದ ನಾಟಕದಲ್ಲಿ ನಾನು ಏನನ್ನು ಎತ್ತಿಕೊಡಲಿ?

ಯುರೋಪಿನ ಆಧುನಿಕ ನಾಟಕವಂತೆ. ಒಬ್ಬ ಮನುಷ್ಯ ಚಪ್ಪಲಿ ಹೊಲಿಸಿಕೊಂಡು ಬರಲು ಹೊರಗೆ ಹೋಗುತ್ತಾನೆ. ವಾಪಸ್ ಬಂದು ನೋಡಿದರೆ ಮನೆಯಲ್ಲಿ ಅವನ ಕುರ್ಚಿಯ ಮೇಲೆ ಇನ್ಯಾರೋ ಕೂತಿದ್ದಾನೆ. ಹೆಂಡತಿ ಮಕ್ಕಳು ಆ ಇನ್ಯಾರನ್ನೋ ಇವನ ಹೆಸರಿನಲ್ಲೇ ಕರೆಯುತ್ತಿದ್ದಾರೆ. ಇವನಿಗೆ ಮಾತ್ರ ‘ಯಾರು ಬೇಕಾಗಿತ್ತು?’ ಎನ್ನುತ್ತಾರೆ. ಮೂರು ಅಂಕ ಕಳೆಯುವಷ್ಟರಲ್ಲಿ ತಾನು ತಾನೇ ಹೌದೋ ಅಲ್ಲವೋ ಎಂದು ಅವನಿಗೇ ಅನುಮಾನ ಹತ್ತುತ್ತದೆ. ನಮ್ಮ ಮನೆಯಲ್ಲಾಗಿದ್ದರೆ ಇಷ್ಟು ಎಳೆಯುವ ಅಗತ್ಯವೇ ಬರುತ್ತಿರಲಿಲ್ಲ. ನನ್ನ ಹೆಂಡತಿ ಇಬ್ಬರ ಕೈಗೂ ಒಂದೊಂದು ಚೀಲ ಕೊಟ್ಟು ತರಕಾರಿಗೆ ಕಳಿಸಿರುತ್ತಿದ್ದಳು.

ಹೊಸ ನಿರ್ದೇಶಕನಿಗೆ ಮೂವತ್ತು ದಾಟಿರಲಿಕ್ಕಿಲ್ಲ. ಬಂದವನೇ ಬೋರ್ಡಿನ ಮೇಲೆ ಪರಕೀಯತೆ, ಅಸ್ಮಿತೆ, ಭ್ರಮೆ ಎಂದು ಮೂರು ಪದ ಬರೆದು ಒಂದು ಗಂಟೆ ಪಾಠ ಮಾಡಿದ. ಆಧುನಿಕ ಸಾಹಿತ್ಯದ ಮನುಷ್ಯ ತನ್ನ ಮನೆಯಲ್ಲೇ ಹೊರಗಿನವನಂತೆ. ‘ನಾನು’ ಎಂದು ಅವನು ನಂಬಿಕೊಂಡಿರುವುದೆಲ್ಲ ಬೇರೆಯವರು ಅವನ ಬಾಯಿಗೆ ಹಾಕಿದ ಮಾತಂತೆ. ಇದೊಂದು ನನಗೆ ಹಿಡಿಸಿತು. ಹಾಗಾದರೆ ಯುರೋಪಿನಲ್ಲಿ ಎಲ್ಲರಿಗಿಂತ ದೊಡ್ಡವನು ಪ್ರಾಂಪ್ಟರೇ ಅಂದಂತಾಯಿತು. ಎದ್ದು ಹೇಳೋಣ ಅಂದುಕೊಂಡೆ, ಅಷ್ಟರಲ್ಲಿ ಟೀ ಬಂತು.

ಮಾರ್ಚ್ 5, ಬುಧವಾರ

ರಿಹರ್ಸಲ್ ಇಲ್ಲ. ನಟರು ಮನೆಯಲ್ಲಿ ಕೂತು ‘ಒಳಗಿನ ಖಾಲಿತನ’ ಹುಡುಕಿಕೊಂಡು ಬರಬೇಕಂತೆ. ನಮ್ಮ ನಾಯಕನಟನಿಗೆ ಇದು ಸುಲಭದ ಕೆಲಸ. ಅವನ ದನಿ ಕಂಚಿನದು, ನಾವೆಲ್ಲ ಅವನನ್ನು ‘ಗಂಟೆ’ ಎಂದೇ ಕರೆಯುವುದು. ದನಿ ಅಷ್ಟು ಚೆನ್ನಾಗಿ ಮೊಳಗಬೇಕಾದರೆ ಒಳಗೆ ಸಾಕಷ್ಟು ಖಾಲಿ ಇರಲೇಬೇಕು. ಮಾತು ಮಾತ್ರ ಅವನ ತಲೆಯಲ್ಲಿ ನಿಲ್ಲುವುದಿಲ್ಲ. ಇಪ್ಪತ್ತಾರು ವರ್ಷ ಅವನಿಗೆ ಬಿದ್ದ ಚಪ್ಪಾಳೆಯಲ್ಲಿ ಅರ್ಧ ನನ್ನದು. ಇದನ್ನು ಅವನ ಮುಂದೆ ಹೇಳುವುದಿಲ್ಲ. ಇಲ್ಲಿ ಬರೆದುಕೊಳ್ಳಲು ಯಾರ ಅಪ್ಪಣೆಯೂ ಬೇಕಾಗಿಲ್ಲ.

ನನ್ನ ಕೈಕೆಳಗೆ ಒಬ್ಬ ನಟನೂ ವೇದಿಕೆಯ ಮೇಲೆ ಕಕ್ಕಾಬಿಕ್ಕಿಯಾಗಿ ನಿಂತಿದ್ದಿಲ್ಲ. ಎರಡು ಉಸಿರು ನೋಡುತ್ತೇನೆ. ಮಾತು ಬರಲಿಲ್ಲವೋ, ನನ್ನ ಮಾತು ಅವನ ಕಿವಿಗೆ ಬಿದ್ದಿರುತ್ತದೆ. ಮನೆಯಲ್ಲೂ ಅಷ್ಟೆ. ಮಗಳಿಗೆ ಚಿಕ್ಕಂದಿನಿಂದ ಉಗ್ಗು. ಈಗ ಇಪ್ಪತ್ತೈದು ವರ್ಷ, ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ತೀಡಿ ಫ್ರೇಮಿಗೆ ಕೂರಿಸುವ ಕೆಲಸ. ಹೊರಗೆ ಹೇಗೋ ಗೊತ್ತಿಲ್ಲ, ಮನೆಯೊಳಗೆ ಅವಳು ಒಂದು ದಿನವೂ ಉಗ್ಗಿಲ್ಲ. ನಾನು ಉಗ್ಗಲು ಬಿಟ್ಟರೆ ತಾನೆ? ಮೊದಲ ಅಕ್ಷರ ಬಂತೆಂದರೆ ಸಾಕು, ಉಳಿದದ್ದನ್ನು ನಾನೇ ಹೇಳಿ ಮುಗಿಸಿಬಿಡುತ್ತೇನೆ. ಪಾಪ, ಅವಳಿಗೂ ಶ್ರಮ ತಪ್ಪುತ್ತದೆ. ಮನೆಯಲ್ಲಿ ಇಂಥ ಒಬ್ಬ ಅಪ್ಪ ಇರುವುದು ಎಷ್ಟು ಜನಕ್ಕೆ ಸಿಕ್ಕೀತು?

ಮಾರ್ಚ್ 6, ಗುರುವಾರ

ಬಸ್‌ಸ್ಟಾಪಿನಲ್ಲಿ ಕನ್ನಡಕದಂಗಡಿಯ ಯಜಮಾನರು ಸಿಕ್ಕಿದ್ದರು. ಪಕ್ಕದ ಬೀದಿಯಲ್ಲಿ ಎರಡನೇ ಅಂಗಡಿ ತೆರೆಯುತ್ತಾರಂತೆ. “ನಿಮ್ಮ ಮಗಳಿಗೇ ಆ ಅಂಗಡಿ ವಹಿಸೋಣ ಅಂತಿದ್ದೀನಿ, ನಾಟಕದವ್ರೇ. ಆರು ವರ್ಷದಲ್ಲಿ ಅವಳು ಕೂರಿಸಿದ ಒಂದು ಗಾಜೂ ಸಡಿಲಾಗಿ ವಾಪಸ್ ಬಂದಿಲ್ಲ. ಕೇಳಿದ್ರೆ ಹತ್ತು ದಿನ ಟೈಮ್ ಕೊಡಿ, ಹೇಳ್ತೀನಿ ಅಂದ್ಳು. ನೀವೇನಂತೀರಾ?” ಎಂದರು.

ಅಂಗಡಿ ವಹಿಸಿಕೊಳ್ಳುವುದು ಎಂದರೆ ಕೌಂಟರು, ಗಿರಾಕಿಗಳು, ದಿನವೆಲ್ಲ ಮಾತು. ಹತ್ತು ದಿನ ಟೈಮ್ ಕೇಳಿದ್ದಾಳೆ ಎಂದರೆ ಬೇಡ ಎನ್ನಲು ಸಂಕೋಚ ಎಂದು ನನಗೆ ತಕ್ಷಣ ತಿಳಿಯಿತು. ಎರಡು ಉಸಿರೂ ಕಾಯದೆ, “ಅವಳಿಗೆ ಇಷ್ಟ ಇಲ್ಲ ಸಾರ್. ಬೇಡ ಅಂತ ಮನೇಲಿ ಹೇಳಿದ್ಲು, ನಿಮ್ಮ ಮುಂದೆ ಹೇಳೋಕೆ ಮುಜುಗರ,” ಎಂದೆ. “ಹಂಗಾ? ನನ್ನ ಅಕ್ಕನ ಮಗ ಒಬ್ಬ ಕೇಳ್ತಿದ್ದಾನೆ, ಅವನಿಗೇ ಹೇಳ್ತೀನಿ ಬಿಡಿ,” ಎಂದರು. ಮಗಳ ತಲೆನೋವೊಂದು ಅವಳಿಗೆ ಗೊತ್ತಾಗುವ ಮೊದಲೇ ಇಳಿಯಿತು. ಬಸ್ಸಿನಲ್ಲಿ ಸೀಟೂ ಸಿಕ್ಕಿತು. ಒಟ್ಟಿನಲ್ಲಿ ಒಳ್ಳೆಯ ದಿನ.

ಮಾರ್ಚ್ 10, ಸೋಮವಾರ

ಮರ್ಯಾದೆ ಹೋಯಿತು.

ಮೊದಲ ಅಂಕ. ಗಂಟೆ ಬಾಗಿಲಿಗೆ ಬಂದ, ತನ್ನ ಕುರ್ಚಿಯ ಮೇಲೆ ಕೂತವನನ್ನು ನೋಡಿದ, ನಿಂತ. ಎರಡು ಉಸಿರು ಕಳೆಯಿತು. ಮೂರನೆಯದೂ ಆಯಿತು. ನನ್ನ ಕೈ ಸುಮ್ಮನಿದ್ದರೂ ನಾಲಿಗೆ ಸುಮ್ಮನಿರಬೇಕಲ್ಲ. “ಕ್ಷಮಿಸಿ, ಇದು ನನ್ನ ಮನೆ ಅಲ್ಲವೆ?” ಎಂದು ಎತ್ತಿಕೊಟ್ಟೆ. ಗಂಟೆಯೂ ಅಭ್ಯಾಸಬಲದಿಂದ ಅದನ್ನೇ ಹಿಡಿದು ಮೊಳಗಿದ. ನಿರ್ದೇಶಕ ಕುರ್ಚಿಯಿಂದ ನೆಗೆದ.

“ಯಾರದು ಮಾತಾಡಿದ್ದು?”

“ನಾನೇ ಸಾರ್. ಪಾಪ, ಮರೆತುಬಿಟ್ಟಿದ್ರು.”

“ಮರೆತಿರ್ಲಿಲ್ಲ! ಅದು ಮೌನ! ಅವನ ಇಡೀ ಅಸ್ತಿತ್ವ ಅಲ್ಲಿ ಅಲ್ಲಾಡ್ತಾ ಇತ್ತು!”

ನಾನು ಗಂಟೆಯನ್ನು ನೋಡಿದೆ. ಅಲ್ಲಾಡುವಂಥದ್ದು ನನಗೇನೂ ಕಾಣಲಿಲ್ಲ. ಅವನು ಹೊಟ್ಟೆ ಕೆರೆದುಕೊಳ್ಳುತ್ತಿದ್ದ. ಅಷ್ಟಕ್ಕೇ ನಿಲ್ಲಿಸಬಹುದಿತ್ತು, ಆದರೆ ಇಪ್ಪತ್ತಾರು ವರ್ಷದ ಚಾಳಿ ಒಂದು ಬೈಗುಳಕ್ಕೆ ಹೋಗುತ್ತದೆಯೆ? ಸಂಜೆಯೊಳಗೆ ಒಂಬತ್ತು ಮೌನ ಒಡೆದೆ. ಕೊನೆಗೆ ನಿರ್ದೇಶಕ ನನ್ನ ಪಕ್ಕ ಬಂದು ಕೂತು ಬಹಳ ವಿನಯದಿಂದ ಹೇಳಿದ, “ಹಿರಿಯರೇ, ಆಧುನಿಕ ನಾಟಕಕ್ಕೆ ಪ್ರಾಂಪ್ಟರ್ ಬೇಕಾ ಅಂತ್ಲೇ ನನಗೆ ಅನುಮಾನ. ಇನ್ನೊಂದು ಸಲ ಮೌನದ ಮಧ್ಯೆ ಬಾಯಿ ಹಾಕಿದ್ರೆ ನಿಮ್ಮನ್ನ ಗೇಟಿಗೆ ಹಾಕ್ತೀನಿ. ಟಿಕೆಟ್ ಹರೀತಾ ಇರಿ.”

ಆಮೇಲೆ ನನ್ನ ಪ್ರತಿಯನ್ನು ತೆಗೆದುಕೊಂಡು ಪ್ರತಿಯೊಂದು ಮೌನದ ಮುಂದೆ ಒಂದು ಸಂಖ್ಯೆ ಬರೆದ. ಏಳು, ಒಂಬತ್ತು, ಹನ್ನೊಂದು. ಅತಿ ಉದ್ದದ್ದು ಮೂರನೇ ಅಂಕದಲ್ಲಿ, ಇಪ್ಪತ್ತು. ಮನಸ್ಸಿನಲ್ಲೇ ಅಷ್ಟು ಎಣಿಸಬೇಕು, ಎಣಿಕೆ ಮುಗಿದ ಮೇಲೂ ನಟ ಮಾತಾಡದಿದ್ದರೆ ಆಗ ಮಾತ್ರ ನನ್ನ ಸರದಿ. ಮಾತು ಎತ್ತಿಕೊಡುತ್ತಿದ್ದವನನ್ನು ಈಗ ಮೌನ ಎಣಿಸಲು ಕೂರಿಸಿದ್ದಾರೆ.

ಮಾರ್ಚ್ 11, ಮಂಗಳವಾರ

ಬೆಳಿಗ್ಗೆ ತಿಂಡಿಗೆ ಕೂತಾಗ ಮಗಳು ಎದುರು ಬಂದು ನಿಂತಳು. “ಅಪ್ಪ, ಅಂಗಡೀಲಿ ಹೊ...” ಎಂದಳು.

“ಹೊಸ ಫ್ರೇಮ್ ಬಂದಿದ್ಯಾ? ನನಗೆ ಬೇಡಮ್ಮ, ಇದೇ ಇನ್ನೂ ಗಟ್ಟಿಯಾಗಿದೆ.”

ಅವಳು ತಲೆ ಅಲ್ಲಾಡಿಸಿದಳು. “ಅಲ್ಲ, ನನಗೆ...”

“ಹೊತ್ತಾಯ್ತು ಅಂತ ತಾನೆ? ಹೊರಡು ಹೊರಡು, ಬಸ್ ತಪ್ಪತ್ತೆ.”

ಹೊರಟಳು. ಈಗಿನ ಮಕ್ಕಳಿಗೆ ಅಪ್ಪನ ಗೊಡವೆಯೇ ಇಲ್ಲ ಎನ್ನುತ್ತಾರೆ. ನನ್ನ ಮಗಳು ಹಾಗಲ್ಲ, ಒಂದು ಫ್ರೇಮ್ ಬಂದರೂ ನನಗೆ ಹೇಳಬೇಕು ಅವಳಿಗೆ. ಹೆಂಡತಿ ಒಲೆಯ ಮುಂದಿನಿಂದ ತಿರುಗಿ ನನ್ನನ್ನೇ ನೋಡಿದಳು, ಏನೋ ಹೇಳಹೊರಟವಳು ಸೌಟು ತೊಳೆಯಲು ಹೋದಳು.

ಮಾರ್ಚ್ 15, ಶನಿವಾರ

ಎಣಿಸುವುದು ಇಷ್ಟು ಕಷ್ಟ ಎಂದು ಯಾರೂ ನನಗೆ ಹೇಳಿರಲಿಲ್ಲ. ಐದಕ್ಕೆ ಬಂದರೆ ಗಂಟಲು ತುರಿಸುತ್ತದೆ, ಏಳಕ್ಕೆ ಎದೆ ಡವಗುಟ್ಟುತ್ತದೆ, ಒಂಬತ್ತಕ್ಕೆ ಇಡೀ ಜಗತ್ತು ನನ್ನೊಬ್ಬನಿಂದಲೇ ನಿಂತುಹೋಗಿದೆ ಅನ್ನಿಸುತ್ತದೆ. ಹಾಗಾಗಿ ಮನೆಯಲ್ಲೂ ಅಭ್ಯಾಸ ಶುರು ಮಾಡಿದೆ. ಯಾರಾದರೂ ಮಾತು ನಿಲ್ಲಿಸಿದರೆ ಸಾಕು, ಎಣಿಕೆ ಹಾಕುವುದು.

ಹೆಂಡತಿ ಮನೆಯಲ್ಲೇ ಹೊಲಿಗೆ ಹಾಕುತ್ತಾಳೆ. ಮಧ್ಯಾಹ್ನ ಅವಳು ಮೆಷಿನ್ ನಿಲ್ಲಿಸಿ, “ರೀ, ಆ ಕತ್ತರಿ...” ಎಂದಳು. ಬೇರೆ ದಿನವಾಗಿದ್ದರೆ ‘ಕತ್ತರಿ ಕೊಡಿ ಅಂತ ತಾನೆ’ ಎಂದು ಮುಗಿಸಿರುತ್ತಿದ್ದೆ. ಇವತ್ತು ಅವಳ ಮುಖವನ್ನೇ ನೋಡುತ್ತ ಒಂದು, ಎರಡು, ಮೂರು ಎಂದು ಎಣಿಸಿದೆ. ಆರಕ್ಕೆ ಅವಳು ಎದ್ದು ಬಂದು ನನ್ನ ಹಣೆ ಮುಟ್ಟಿದಳು. “ಯಾಕ್ರೀ ಹಿಂಗೆ ನೋಡ್ತಿದ್ದೀರಾ? ಎದೆ ಏನಾದ್ರೂ ನೋಯ್ತಿದ್ಯಾ?” ಕತ್ತರಿ ಬಗ್ಗೆ ಅವಳು ಹೇಳಬೇಕೆಂದಿದ್ದುದು ಬೇರೆಯೇ ಆಗಿತ್ತು. ಅದಕ್ಕೆ ಸಾಣೆ ಹಿಡಿಸಬೇಕಂತೆ. ಮದುವೆಯಾಗಿ ಇಪ್ಪತ್ತೆಂಟು ವರ್ಷ. ಇನ್ನೆಷ್ಟು ಸಲ ಸುಮ್ಮನೆ ಕತ್ತರಿ ಎತ್ತಿಕೊಟ್ಟಿದ್ದೇನೋ.

ಮಾರ್ಚ್ 18, ಮಂಗಳವಾರ

ಮನೆಯಲ್ಲಿ ಏನೋ ನಡೆದಿದೆ, ನನಗೆ ಮಾತ್ರ ಗೊತ್ತಿಲ್ಲ. ನಿನ್ನೆ ಸಂಜೆ ಮಗಳು ಅಂಗಡಿಯಿಂದ ಮುಖ ಗಂಟಿಕ್ಕಿಕೊಂಡು ಬಂದವಳು ಸೀದಾ ಅಡುಗೆಮನೆಗೆ ಹೋದಳು. ತಾಯಿ ಮಗಳು ಅರ್ಧ ಗಂಟೆ ಪಿಸಪಿಸ. ನಾನು ನೀರು ಕುಡಿಯುವ ನೆಪದಲ್ಲಿ ಒಳಗೆ ಹೋದರೆ ಇಬ್ಬರೂ ಗಪ್‌ಚಿಪ್. ಊಟಕ್ಕೆ ಕೂತಾಗಲೂ ಅಷ್ಟೆ. ಉಪ್ಪು ಬೇಕಾದರೆ ಮಗಳು ನನ್ನ ಕೈ ದಾಟಿ ತಾನೇ ಎಳೆದುಕೊಂಡಳು. ಹೆಂಡತಿಗೆ ಹೇಳಬೇಕಾದದ್ದನ್ನು ಹೆಂಡತಿಗೆ ಹೇಳುತ್ತಾಳೆ, ನನಗೆ ಹೇಳಬೇಕಾದದ್ದನ್ನೂ ಹೆಂಡತಿಗೇ ಹೇಳುತ್ತಾಳೆ. ಹಾಲಿಗೆ ಹೋಗಿ ನೋಡಿದರೆ ನನ್ನ ಕುರ್ಚಿಯ ಮೇಲೆ ಹೊಲಿಗೆಯ ಬಟ್ಟೆಗಂಟು ಕೂತಿತ್ತು. ಎಲ್ಲರೂ ಅದರ ಜೊತೆ ನನಗಿಂತ ಚೆನ್ನಾಗಿದ್ದಾರೆ.

ಯುರೋಪ್ ನಮ್ಮ ಮನೆಗೇ ಬಂದುಬಿಟ್ಟಿದೆ. ಇನ್ನು ಆ ನಾಟಕ ನೋಡಲು ಜನ ಟಿಕೆಟ್ ಯಾಕೆ ಕೊಳ್ಳಬೇಕು?

ಹೆಂಡತಿಯನ್ನು ಕೇಳಿಯೇ ಬಿಟ್ಟೆ. “ಏನಾಗಿದೆ ನಿಮಗೆ? ನನ್ನ ಹತ್ರ ಯಾಕೆ ಯಾರೂ ಮಾತಾಡ್ತಿಲ್ಲ?”

“ನಾವ್ಯಾಕೆ ಮಾತಾಡ್ಬೇಕು? ನಮ್ಮ ಮಾತೂ ನಿಮ್ಮ ಹತ್ರಾನೇ ಇರತ್ತಲ್ಲ,” ಎಂದಳು. ಎಂದವಳು ಮೆಷಿನ್ ತುಳಿಯತೊಡಗಿದಳು. ಆ ಸದ್ದಿನಲ್ಲಿ ಎಣಿಸುವುದೂ ಸಾಧ್ಯವಿಲ್ಲ.

ಮಾರ್ಚ್ 21, ಶುಕ್ರವಾರ

ರಿಹರ್ಸಲ್‌ನಲ್ಲಿ ಒಂದೂ ತಪ್ಪಿಲ್ಲ. ಅರವತ್ತನಾಲ್ಕಕ್ಕೆ ಅರವತ್ತನಾಲ್ಕು. ನಿರ್ದೇಶಕ ದೂರದಿಂದಲೇ ಹೆಬ್ಬೆರಳು ಎತ್ತಿ ತೋರಿಸಿದ. ಗೇಟಿನ ಭೂತ ಸ್ವಲ್ಪ ದೂರವಾಯಿತು.

ಮನೆಗೆ ಬಂದು ಮೆಟ್ಟಿಲ ಮೇಲೆ ಕೂತಿದ್ದಾಗ ಮಗಳು ಬಂದು ಪಕ್ಕದಲ್ಲಿ ಕೂತಳು. ನಾಲ್ಕು ದಿನದ ಮೇಲೆ ಮೊದಲ ಸಲ. “ಅಪ್ಪ,” ಎಂದಳು. ಮುಂದಿನ ಅಕ್ಷರ ಹಿಡಿದುಕೊಂಡಿತು. ನನ್ನ ನಾಲಿಗೆಯ ತುದಿಯಲ್ಲಿ ಮೂರು ವಾಕ್ಯ ತಯಾರಾಗಿದ್ದವು: ಊಟಕ್ಕೆ ಬಾ, ನೀರು ನಿಂತಿದೆ, ಅಮ್ಮ ಕರೀತಿದ್ದಾಳೆ. ಇದಕ್ಕಿಂತ ಒಳ್ಳೆಯ ಅಭ್ಯಾಸದ ಅವಕಾಶ ಸಿಗಲಿಕ್ಕಿಲ್ಲ ಅನ್ನಿಸಿತು. ಎಣಿಸತೊಡಗಿದೆ. ಹನ್ನೊಂದು ದಾಟಿತು. ಇಪ್ಪತ್ತು ದಾಟಿತು. ಅವಳ ಕತ್ತಿನ ನರ ಉಬ್ಬಿತ್ತು, ಕೈ ಸೆರಗಿನ ತುದಿಯನ್ನು ಹಿಂಡುತ್ತಿತ್ತು. ನೋಡಲು ಬಹಳ ಸಂಕಟವಾಯಿತು, ಆದರೂ ಬಿಡಲಿಲ್ಲ. ಮೂವತ್ತೊಂದಕ್ಕೆ ಮಾತು ಬಂತು.

“ನೀನು ಯಜಮಾನ್ರ ಹತ್ರ ನನ್ನ ಬಗ್ಗೆ ಏನು ಹೇಳ್ದೆ?”

ನನ್ನ ಮೂರು ವಾಕ್ಯದಲ್ಲಿ ಒಂದೂ ಅಲ್ಲ. “ಏನೂ ಇಲ್ಲಮ್ಮ, ಸುಮ್ನೆ ಕುಶಲ ವಿಚಾರಿಸಿದ್ರು,” ಎಂದೆ. ಅವಳು ಹತ್ತೊಂಬತ್ತರವರೆಗೆ ನನ್ನನ್ನು ನೋಡುತ್ತ ಕೂತಿದ್ದು ಎದ್ದು ಹೋದಳು.

ಮೂವತ್ತೊಂದು! ನಾಟಕದಲ್ಲಿ ಅಷ್ಟು ಉದ್ದದ ಮೌನ ಒಂದೂ ಇಲ್ಲ. ಇನ್ನು ಮೂರನೇ ಅಂಕದ ಇಪ್ಪತ್ತು ನನಗೆ ಯಾವ ಲೆಕ್ಕ?

ಮಾರ್ಚ್ 22, ಶನಿವಾರ

ಇವತ್ತು ಬರೆಯುವಂಥದ್ದು ಏನೂ ನಡೆದಿಲ್ಲ. ಊಟ ಸೇರಲಿಲ್ಲ.

ಮಾರ್ಚ್ 24, ಸೋಮವಾರ

ನಿನ್ನೆ ಮಗಳು ಹೊರಗೆ ಹೋಗಿದ್ದಾಗ ಹೆಂಡತಿ ಮೆಷಿನ್ ನಿಲ್ಲಿಸಿ ನನ್ನ ಎದುರು ಬಂದು ಕೂತಳು. “ಹೊಸ ಅಂಗಡಿಗೆ ಅವಳನ್ನ ಕೇಳಿದ್ರು, ನೀವು ಬೇಡ ಅಂತ ಹೇಳಿ ಬಂದ್ರಿ. ಹೌದೋ ಅಲ್ವೋ?” ಎಂದಳು. ಇದರಲ್ಲಿ ಎಣಿಸಲು ಏನೂ ಇರಲಿಲ್ಲ.

“ಅವಳ ಒಳ್ಳೇದಕ್ಕೇ ಹೇಳಿದ್ದು ಕಣೇ. ಹತ್ತು ದಿನ ಟೈಮ್ ಕೇಳಿದ್ಲಂತೆ. ಬೇಡ ಅನ್ನೋಕೆ ಆಗ್ದೇ ತಾನೇ ಕೇಳೋದು?”

“ಬೇಕು ಅನ್ನೋಕೆ ಕೇಳಿದ್ದು. ‘ನಾನು ಒಪ್ಕೊಂಡಿದ್ದೀನಿ, ನಡೆಸಿಕೊಂಡು ಹೋಗ್ತೀನಿ’ ಅಂತ ಯಜಮಾನ್ರ ಮುಂದೆ ನಿಂತು ಗಟ್ಟಿಯಾಗಿ ಹೇಳ್ಬೇಕು ಅಂತ ಹತ್ತು ದಿನ ಕನ್ನಡಿ ಮುಂದೆ ಅಭ್ಯಾಸ ಮಾಡಿದ್ಲು. ನಿಮಗೂ ಮೊದಲೇ ಹೇಳ್ಬೇಕು ಅಂತಿದ್ಲು. ನೀವು ಎಲ್ಲಿ ಬಿಟ್ರಿ? ಕೊನೆಗೆ ಅಂಗಡೀಲಿ ಹೇಳೋಕೆ ಹೋದ್ರೆ, ಆಗ್ಲೇ ಬೇಡ ಅಂದ್ಯಂತಲ್ಲಮ್ಮ, ಒಂದನೇ ತಾರೀಖಿನಿಂದ ನಮ್ಮ ಅಕ್ಕನ ಮಗ ಬರ್ತಾನೆ ಅಂದ್ರಂತೆ ಯಜಮಾನ್ರು. ಬೇಡ ಅಂದಿದ್ದು ಯಾರು ಅಂತ ಕೇಳೋಕೂ ಅವಳಿಗೆ ಮಾತು ಬರ್ಲಿಲ್ಲ ಅಲ್ಲಿ. ಅವಳ ಪರವಾಗಿ ಮಾತಾಡೋರು ನೀವಲ್ದೆ ಇನ್ಯಾರಿದ್ದಾರೆ?”

ಮಗಳು ಎಂಟು ವರ್ಷದವಳಿದ್ದಾಗ ಒಂದು ದಿನ ಶಾಲೆಗೆ ಬುತ್ತಿ ಕೊಡಲು ಹೋಗಿದ್ದೆ. ತರಗತಿಯಲ್ಲಿ ಟೀಚರ್ ಅವಳ ಹೆಸರು ಕೇಳಿದ್ದರು. ತನ್ನ ಹೆಸರನ್ನು ಹೇಳಲಾರದೆ ನಿಂತಿದ್ದಳು, ಮಕ್ಕಳೆಲ್ಲ ನಗುತ್ತಿದ್ದರು. ನಾನು ಕಿಟಕಿಯ ಹೊರಗಿನಿಂದ ಅವಳ ಹೆಸರು ಕೂಗಿ ಹೇಳಿದೆ. ಮಕ್ಕಳು ಇನ್ನೂ ಜೋರಾಗಿ ನಕ್ಕರು, ಅದು ನನ್ನನ್ನು ನೋಡಿ ಅಂದುಕೊಂಡು ನೆಮ್ಮದಿಪಟ್ಟೆ. ಅವಳನ್ನು ನೋಡಿ ಮತ್ತೆ ಯಾರೂ ನಗಬಾರದು ಎಂಬ ಹೆದರಿಕೆ ಅವತ್ತು ಹತ್ತಿದ್ದು ಇವತ್ತಿಗೂ ಹೋಗಿಲ್ಲ. ಇಷ್ಟು ವರ್ಷ ಅದನ್ನು ಸಹಾಯ ಎಂದು ಕರೆದುಕೊಂಡು ಬಂದಿದ್ದೇನೆ.

ಇವತ್ತು ಬೆಳಿಗ್ಗೆ ಮಗಳು ಕೆಲಸಕ್ಕೆ ಹೊರಡುವ ಮೊದಲು ಅವಳ ಕೋಣೆಗೆ ಹೋದೆ. “ಅವತ್ತು ಯಜಮಾನ್ರ ಹತ್ರ ನಾನೇ ಬೇಡ ಅಂದೆ ಕಣಮ್ಮ. ನೀನೇ ಹೇಳಿದೆ ಅಂತ ಸುಳ್ಳೂ ಹೇಳ್ದೆ. ತಪ್ಪಾಯ್ತು,” ಎಂದೆ. ಯಾರ ಸಹಾಯವೂ ಇಲ್ಲದೆ ಅಷ್ಟು ಉದ್ದದ ಮಾತು ನನ್ನ ಬಾಯಿಂದ ಬರುವುದು ಎಷ್ಟು ಕಷ್ಟ ಎಂದು ಮೊದಲ ಸಲ ತಿಳಿಯಿತು. ಅವಳು ತಲೆ ಬಾಚುತ್ತಿದ್ದಳು. ಉತ್ತರ ಬರಲು ಬಹಳ ಹೊತ್ತು ಹಿಡಿಯಿತು, ಎಷ್ಟು ಎಂದು ಗೊತ್ತಿಲ್ಲ. ಎಣಿಸುವುದು ಮರೆತುಹೋಯಿತು.

“ಗೊತ್ತು,” ಎಂದಳು. ಬಾಚಣಿಗೆ ಕೆಳಗಿಟ್ಟು, “ತಿಂಗಳು ಮುಗಿಯೋದ್ರೊಳಗೆ ನಾನೇ ಹೋಗಿ ಮಾತಾಡ್ತೀನಿ. ನೀನೂ ಬಾ,” ಎಂದಳು.

“ನಾನ್ಯಾಕಮ್ಮ? ಆಗಿರೋದು ಸಾಲ್ದಾ?”

“ಸುಮ್ನೆ ಕೂರೋಕೆ.”

ಮಾರ್ಚ್ 28, ಶುಕ್ರವಾರ

ಮೊದಲ ಪ್ರದರ್ಶನ ಮುಗಿಯಿತು. ನಾನು ಇನ್ನೂ ಕೆಲಸದಲ್ಲಿದ್ದೇನೆ, ಗಂಟೆ ನನ್ನ ಜೊತೆ ಮಾತು ಬಿಟ್ಟಿದ್ದಾನೆ.

ಮೂರನೇ ಅಂಕದ ಇಪ್ಪತ್ತರ ಮೌನ. ಗಂಟೆ ವೇದಿಕೆಯ ನಡುವೆ ನಿಂತಿದ್ದಾನೆ. ಕುರ್ಚಿಯ ಮೇಲಿದ್ದವನು ‘ಹಾಗಾದರೆ ನೀವು ಯಾರು?’ ಎಂದು ಕೇಳಿಯಾಗಿದೆ. ನಾನು ಎಣಿಸಿದೆ, ಇಪ್ಪತ್ತಾಯಿತು. ಇನ್ನು ನನ್ನ ಸರದಿ. ಪ್ರತಿಯಲ್ಲಿ ಸಾಲು ಕಾಣುತ್ತಲೇ ಇದೆ. ಯಾಕೋ ಪ್ರತಿಯಿಂದ ತಲೆ ಎತ್ತಿ ಅವನ ಮುಖ ನೋಡಿದೆ. ಇಷ್ಟು ವರ್ಷ ನಾನು ನೋಡಿದ್ದು ಪುಟವನ್ನು, ಕೇಳಿಸಿಕೊಂಡದ್ದು ಅವನ ದನಿಯನ್ನು. ಮುಖ ನೋಡಿದ್ದು ಇದೇ ಮೊದಲು. ಬೆವರುತ್ತಿದ್ದ. ಕಣ್ಣು ದಿಕ್ಕುತಪ್ಪಿತ್ತು. ಆ ಮುಖದೊಳಗೆ ಏನೋ ಹುಡುಕಾಟ ನಡೆದಿತ್ತು, ಅದರ ಮಧ್ಯೆ ಕೈ ಹಾಕಲು ನನಗೆ ಮನಸ್ಸಾಗಲಿಲ್ಲ. ಇಪ್ಪತ್ತೈದು, ಮೂವತ್ತು. ಸಭೆಯಲ್ಲಿ ಒಂದು ಕೆಮ್ಮೂ ಇಲ್ಲ. ಮೂವತ್ತೆಂಟಕ್ಕೆ ಗಂಟೆ, ಎಂದೂ ಕೇಳದ ಸಣ್ಣ ದನಿಯಲ್ಲಿ, “ನನಗೆ ಗೊತ್ತಿಲ್ಲ,” ಎಂದ. ಪ್ರತಿಯಲ್ಲಿ ಇದ್ದದ್ದು ಬೇರೆ. ‘ನಾನು ಈ ಮನೆಯ ಯಜಮಾನ’ ಎಂದಿತ್ತು.

ಪರದೆ ಬಿದ್ದ ಮೇಲೆ ನಿರ್ದೇಶಕ ಓಡಿಬಂದು ಅವನನ್ನು ತಬ್ಬಿಕೊಂಡ. “ಇದು ಸಾರ್! ಇದು ಅಸ್ಮಿತೆಯ ಪ್ರಶ್ನೆ!” ಎಂದ. ಅವನ ಕಣ್ಣಲ್ಲಿ ನೀರು. ಗಂಟೆ ಅವನಿಂದ ಬಿಡಿಸಿಕೊಂಡು ಸೀದಾ ನನ್ನ ಸ್ಟೂಲಿನ ಹತ್ತಿರ ಬಂದ.

“ಯಾಕಯ್ಯ ಎತ್ತಿಕೊಡ್ಲಿಲ್ಲ? ನನಗೆ ಏನೂ ನೆನಪಿರ್ಲಿಲ್ಲ! ನನ್ನ ಮಾತಲ್ಲ, ನನ್ನ ಹೆಸರೂ ನೆನಪಿರ್ಲಿಲ್ಲ!”

“ಚೆನ್ನಾಗಿ ಬಂತಲ್ಲ,” ಎಂದೆ.

“ಸತ್ತೇ ಹೋಗ್ತಿದ್ದೆ!”

ಸಾಯಲಿಲ್ಲ ಎಂಬುದನ್ನು ಅವನೇ ಗಮನಿಸಿಕೊಳ್ಳುತ್ತಾನೆ, ನಾನು ಹೇಳಲು ಹೋಗಲಿಲ್ಲ.

ಮಾರ್ಚ್ 31, ಸೋಮವಾರ

ಬೆಳಿಗ್ಗೆ ಹತ್ತಕ್ಕೆ ಮಗಳ ಜೊತೆ ಕನ್ನಡಕದಂಗಡಿಗೆ ಹೋದೆ. ಯಜಮಾನರ ಕೋಣೆಯಲ್ಲಿ ಎರಡು ಕುರ್ಚಿ. “ಬನ್ನಿ ನಾಟಕದವ್ರೇ, ಏನು ವಿಷಯ?” ಎಂದು ನನ್ನನ್ನೇ ಕೇಳಿದರು. ನಾನು ಮಗಳ ಕಡೆ ನೋಡಿದೆ. ಬೇರೆ ದಾರಿ ಕಾಣದೆ ಅವರೂ ಅವಳ ಕಡೆ ತಿರುಗಬೇಕಾಯಿತು.

“ಅವತ್ತು...” ಎಂದಳು ಮಗಳು. ಅಲ್ಲಿಗೇ ನಿಂತಿತು.

“ಅವತ್ತು ರಜಾ ಕೇಳಿದ್ಯಲ್ಲ, ಅದಾ? ತಗೊಳಮ್ಮ, ಅದಕ್ಕೇನು.” ಅವಳು ಅಲ್ಲ ಎಂದು ತಲೆ ಅಲ್ಲಾಡಿಸಿದಳು. “ಮತ್ತೆ, ಗಾಜು ತೀಡೋ ಮೆಷಿನ್ ಕೆಟ್ಟಿತ್ತು ಅಂತಾನಾ? ರಿಪೇರಿಯವನಿಗೆ ಹೇಳಿದ್ದೀನಿ.” ಅವಳು ಅಂಗೈ ಎತ್ತಿ, ಸ್ವಲ್ಪ ತಾಳಿ ಎಂಬಂತೆ ಸನ್ನೆ ಮಾಡಿದಳು. ಯಜಮಾನರು ಒಳ್ಳೆಯ ಮನುಷ್ಯರೇ. ಆದರೆ ಇನ್ನೊಬ್ಬರ ಮಾತನ್ನು ಹೀಗೆ ಕಿತ್ತುಕೊಳ್ಳುವ ಕೆಟ್ಟ ಚಾಳಿಯನ್ನು ಎಲ್ಲಿ ಕಲಿತರೋ! ನೋಡುವವರಿಗೆ ಎಷ್ಟು ಅಸಹ್ಯವಾಗಿ ಕಾಣುತ್ತದೆ ಎಂದು ಅವರಿಗೆ ಯಾರಾದರೂ ಹೇಳಬೇಕಿತ್ತು.

ನಾನು ಬಾಯಿಗೆ ಬೀಗ ಹಾಕಿಕೊಂಡು ಕೂತೆ. ಅವಳು ಏನು ಹೇಳುತ್ತಾಳೆ ಎಂದು ನನಗೆ ಗೊತ್ತೇ ಇತ್ತು: ಅವತ್ತು ಕೇಳಿದಿರಲ್ಲ, ಆ ಕೆಲಸ ನನಗೆ ಬೇಕು. ಇಷ್ಟೇ ತಾನೆ? ಗೋಡೆಯ ಮೇಲೆ ಕನ್ನಡಕ ಹಾಕಿಕೊಂಡು ನಗುವವರ ಚಿತ್ರಗಳಿದ್ದವು. ಅವುಗಳನ್ನು ನೋಡದೆ ಅವಳ ಮುಖವನ್ನೇ ನೋಡಿದೆ. ನರ ಉಬ್ಬಿತ್ತು, ಕಣ್ಣು ಮಾತ್ರ ಯಜಮಾನರನ್ನು ಬಿಟ್ಟು ಅಲ್ಲಾಡಿರಲಿಲ್ಲ. ಅವಳು ಹೆದರಿಲ್ಲ ಎಂದು ಆಗ ಗೊತ್ತಾಯಿತು. ಇಷ್ಟು ವರ್ಷ ಹೆದರಿಕೊಂಡಿದ್ದವನು ನಾನೊಬ್ಬನೇ.

“ಅವತ್ತು ಬೇಡ ಅಂದಿದ್ದು ನಾನಲ್ಲ,” ಎಂದಳು.

ಯಜಮಾನರು ನನ್ನ ಕಡೆ ನೋಡಿದರು. ನಾನು ತಲೆ ತಗ್ಗಿಸಿದೆ. ನನಗೆ ನಾಚಿಕೆಯಾಯಿತು, ಅದಕ್ಕಿಂತ ಜಾಸ್ತಿ ಸಂತೋಷವಾಯಿತು. ಯಾವುದನ್ನು ಮುಖದಲ್ಲಿ ತೋರಿಸಬೇಕೆಂದು ತಿಳಿಯಲಿಲ್ಲ.

ಅವಳು ಮುಗಿಸಿರಲಿಲ್ಲ. “ನಾನು ಇನ್ನೂ ಉತ್ತರಾನೇ ಕೊಟ್ಟಿಲ್ಲ. ಈಗ ಕೊಡ್ತಾ ಇದ್ದೀನಿ. ನಾನು ಒಪ್ಕೊಂಡಿದ್ದೀನಿ. ನಡೆಸಿಕೊಂಡು ಹೋಗ್ತೀನಿ.” ಪ್ರತಿಯೊಂದು ಮಾತಿನ ನಡುವೆಯೂ ಅವಳಿಗೆ ಬೇಕಾದಷ್ಟು ಹೊತ್ತು ಹಿಡಿಯಿತು. ಯಜಮಾನರು ಈ ಸಲ ಬಾಯಿ ಹಾಕಲಿಲ್ಲ. ಟೇಬಲ್ಲಿನ ಮೇಲಿದ್ದ ಫ್ರೇಮೊಂದನ್ನು ಮಡಚುತ್ತ ಬಿಡಿಸುತ್ತ ಕೂತಿದ್ದರು.

“ಅದೆಲ್ಲ ಸರಿಯಮ್ಮ. ನಮ್ಮ ಅಕ್ಕನಿಗೆ ಮಾತು ಕೊಟ್ಟಾಗಿದೆ, ಅದನ್ನ ನಾನು ಹೇಗಾದ್ರೂ ನೋಡ್ಕೊಂಡೇನು. ಆದ್ರೆ ಗಿರಾಕಿಗಳು ಇಷ್ಟೊತ್ತು ಕಾಯ್ತಾರಾ?”

“ನೀವು ಕಾದ್ರಲ್ಲ,” ಎಂದಳು. ಇದಕ್ಕೆ ಅವಳು ಒಂದಿಷ್ಟೂ ತಡವರಿಸಲಿಲ್ಲ.

ಯಜಮಾನರು ಅವಳನ್ನು ನೋಡಿದರು, ನನ್ನನ್ನು ನೋಡಿದರು, ಆಮೇಲೆ ನಗು ತಡೆಯಲಾಗದೆ ಫ್ರೇಮ್ ಕೆಳಗಿಟ್ಟರು. “ಒಂದು ತಿಂಗಳು ನೋಡೋಣ. ನಾಳೆಯಿಂದ ಬಾ. ನಮ್ಮ ಹುಡುಗ ಹಿಂದೆ ಕೂತು ಗಾಜು ತೀಡೋದು ಕಲೀಲಿ,” ಎಂದರು. ನನಗೆ ಮಾತ್ರ, “ನೀವು ನಾಟಕಕ್ಕೇ ಸರಿ ಬಿಡಿ,” ಎಂದರು. ಅದು ಹೊಗಳಿಕೆ ಅಲ್ಲ ಎಂದು ಬಸ್ ಹತ್ತಿದ ಮೇಲೆ ಹೊಳೆಯಿತು.

ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. “ಏನಾಯ್ತು?” ಎಂದಳು. ನಾನು ಉಸಿರು ಎಳೆದುಕೊಂಡೆ. ಇಂಥ ಸುದ್ದಿಯನ್ನು ಹೇಗೆ ಹೇಳಬೇಕು, ಎಲ್ಲಿ ದನಿ ಏರಿಸಬೇಕು, ಎಲ್ಲಿ ಇಳಿಸಬೇಕು ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮಗಳು ನನ್ನ ತೋಳು ಮುಟ್ಟಿದಳು. “ನಾನು ಹೇಳ್ತೀನಿ,” ಎಂದಳು.

ಹೇಳಿದಳು. ಅನ್ನ ಆರಿತು, ಸಾರನ್ನು ಎರಡು ಸಲ ಬಿಸಿ ಮಾಡಬೇಕಾಯಿತು. ಬಸ್ಸು ಬಂದದ್ದು, ಕೋಣೆಯ ಎರಡು ಕುರ್ಚಿ, ರಜೆ, ಮೆಷಿನ್ನು, ಒಂದನ್ನೂ ಬಿಡಲಿಲ್ಲ. ಹೆಂಡತಿಯೂ ಒಂದು ಸಲವಾದರೂ ‘ಆಮೇಲೆ?’ ಎಂದು ಅವಸರ ಮಾಡಲಿಲ್ಲ. ಎಲ್ಲವನ್ನೂ ಕಣ್ಣಾರೆ ಕಂಡು ಬಂದವನು ನಾನು. ಆದರೂ ಮುಂದೇನಾಯಿತೋ ಎಂದು ತುತ್ತು ಕೈಯಲ್ಲಿ ಹಿಡಿದುಕೊಂಡು ಕೇಳುತ್ತಿದ್ದೆ.

“ಅಪ್ಪ ಏನ್ ಮಾಡ್ತಿದ್ರೇ ಅಷ್ಟೊತ್ತು?” ಎಂದಳು ಹೆಂಡತಿ.

ಮಗಳು ನನ್ನ ಕಡೆ ನೋಡಿ ನಕ್ಕಳು. “ಒಂದು ಮಾತೂ ಆಡ್ಲಿಲ್ಲಮ್ಮ. ಆದ್ರೆ ತುಟಿ ಮಾತ್ರ ಅಲ್ಲಾಡ್ತಾನೇ ಇತ್ತು. ನಾನು ಹೇಳ್ತಿದ್ದಿದ್ದು ಒಂದು, ಅಪ್ಪನ ತುಟಿ ಹೇಳ್ತಿದ್ದಿದ್ದು ಇನ್ನೊಂದು. ಯಜಮಾನ್ರಿಗೆ ಯಾರನ್ನ ನೋಡ್ಬೇಕು ಅಂತಾನೇ ಗೊತ್ತಾಗ್ಲಿಲ್ಲ. ಕೊನೆಗೆ...” ಎಂದು ನಿಂತಳು.

ಹೆಂಡತಿ ಆಗಲೇ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳು. ಶುದ್ಧ ಸುಳ್ಳು. ನಾನು ಕಲ್ಲಿನ ಹಾಗೆ ಕೂತಿದ್ದೆ, ಬೇಕಾದರೆ ಯಜಮಾನರನ್ನೇ ಕೇಳಲಿ. ಹಾಗೆಂದು ಹೇಳಲು ಬಾಯಿ ತೆರೆದೆ. ಅವಳ ಮಾತು ಇನ್ನೂ ಮುಗಿದಿರಲಿಲ್ಲ. ಮುಚ್ಚಿಕೊಂಡು ಕಾದೆ.